ಹುಟ್ಟಿಗೆ ಸಾಕ್ಷಿ

ಮನುಷ್ಯನಿಗೆ ತನ್ನ ಜೀವಿತದಲ್ಲಿ ಅತ್ಯಂತ ನಿಶ್ಚಯವಾದುದು ಯಾವುದೆಂದು ಕೇಳಿದರೆ, ತಾನು ಹುಟ್ಟಿರುವೆನೆಂಬುದೇ ಎಂದು ಯಾರಾದರೂ ಉತ್ತರ ಕೊಟ್ಟಾರು. ಆದರೆ ಎಂದು ಹುಟ್ಟಿದೆ, ಎಲ್ಲಿ ಹುಟ್ಟಿದೆ, ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂದು ಕೇಳಿದೊಡನೆಯೇ ಆ ನಿಶ್ಚಯವು ಪರರ ಮಾತಿನ ಮೇಲೆ ನಿಂತುದಾಗುತ್ತದೆ. ತನ್ನ ಹುಟ್ಟನ್ನು ತಾನೇ ಕಂಡವರಿಲ್ಲ. ತಾಯಿ ಹೇಳಿದಳು, ಅಜ್ಜಿ ಹೇಳಿದಳು, ಜಾತಕದಲ್ಲಿ ಬರೆದಿತ್ತು, ಶಾಲೆಯ ಪಟ್ಟಿಯಲ್ಲಿ ಕಂಡಿತು, ಇಷ್ಟೇ ಆಧಾರ. ಮನೆಯೊಳಗೆ ಇರುವ ತನಕ ಇಷ್ಟು ಆಧಾರವು ಬೇಕಾದಷ್ಟಾಯಿತು. ತಾಯಿಯನ್ನು ತಾಯಿಯೆಂದು ಕರೆಯುವುದಕ್ಕೆ ಯಾವ ಮಗಳೂ ಮೊದಲು ದಫ್ತರವನ್ನು ನೋಡಿ ಬರುವುದಿಲ್ಲ. ಹೊಸ್ತಿಲನ್ನೂ ಸಮುದ್ರವನ್ನೂ ದಾಟಿ, ಗುರುತು ಪರಿಚಯವಿಲ್ಲದ ರಾಷ್ಟ್ರವೊಂದರ ಬಾಗಿಲಲ್ಲಿ ನಿಂತು, 'ಇವಳು ನನ್ನ ತಾಯಿ. ಇವಳನ್ನು ಒಳಗೆ ಬಿಡಿ' ಎಂದು ಕೇಳಬೇಕಾಗಿ ಬಂದಾಗ ಮಾತ್ರ ಈ ಪ್ರಶ್ನೆಯು ಎದುರು ಬರುತ್ತದೆ. ಆಗ ಕಣ್ಣೆದುರಿನ ತಾಯಿಯು ಸಾಲದೆ, ಅವಳು ಹುಟ್ಟಿದಳೆಂಬುದಕ್ಕೆ ಒಂದು ಕಾಗದವು ಬೇಕಾಗುತ್ತದೆ. ಆ ಕಾಗದವು ಇಲ್ಲದಿದ್ದರೆ, ಅಥವಾ ಇದ್ದೂ ತಪ್ಪಾಗಿದ್ದರೆ, ಸತ್ಯವಂತರಾದವರು ಏನು ಮಾಡತಕ್ಕದ್ದು? ಇದು ವಕೀಲರ ಪ್ರಶ್ನೆಯಂತೆ ತೋರಿದರೂ ಮೂಲದಲ್ಲಿ ಧರ್ಮದ ಪ್ರಶ್ನೆಯಾಗಿದೆ.

ವಿಷಯವು ಸ್ಪಷ್ಟವಾಗುವುದಕ್ಕಾಗಿ ಒಂದು ಸಂಸಾರವನ್ನು ಭಾವಿಸಬಹುದು. ಮಗಳು ಅಮೆರಿಕಾ ದೇಶಕ್ಕೆ ಹೋಗಿ ಅಲ್ಲಿಯ ಪೌರತ್ವವನ್ನು ಪಡೆದಿದ್ದಾಳೆ. ತಂದೆಯು ತೀರಿಕೊಂಡ ಮೇಲೆ ತಾಯಿಯು ಮಲೆನಾಡಿನ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಇಪ್ಪತ್ತೊಂದು ವರ್ಷ ತುಂಬಿದ ಪೌರರು ತಮ್ಮ ತಂದೆತಾಯಿಗಳನ್ನು ಕರೆಯಿಸಿಕೊಳ್ಳುವುದಕ್ಕೆ ಅಲ್ಲಿಯ ಕಾನೂನಿನಲ್ಲಿ ಅವಕಾಶವುಂಟು. ವರುಷಕ್ಕೆ ಇಷ್ಟೇ ಜನವೆಂಬ ಮಿತಿಯೂ ಈ ವರ್ಗಕ್ಕಿಲ್ಲ. ಆದರೆ ಎರಡು ಹುಟ್ಟುಗಳು ಸಿದ್ಧಪಡಬೇಕು. ಮಗಳು ಈ ತಾಯಿಯಲ್ಲಿ ಹುಟ್ಟಿದಳೆಂಬುದಕ್ಕೆ ಮಗಳ ಜನನಪತ್ರ, ಮತ್ತು ವೀಸಾ ಬೇಡುವವಳು ತಾಯಿಯಾದುದರಿಂದ ಅವಳ ಸ್ವಂತ ಜನನಪತ್ರ. ೧೯೫೨ನೆಯ ಇಸವಿಯಲ್ಲಿ ಆ ದೇಶದಲ್ಲಿ ಆದ ವಲಸೆ ಮತ್ತು ರಾಷ್ಟ್ರೀಯತೆಯ ಕಾನೂನಿನ ೨೨೨ನೆಯ ಕಲಮು ವಲಸೆಗಾರರಿಂದ ಜನನ ದಾಖಲೆಯ ದೃಢೀಕೃತ ಪ್ರತಿಯನ್ನು ಕೇಳುತ್ತದೆ. ತಾಯಿಯು ಹುಟ್ಟಿದುದು ೧೯೫೧ರಲ್ಲಿ, ಖರ ಸಂವತ್ಸರದ ಶ್ರಾವಣ ಬಹುಳದ ಒಂದು ರಾತ್ರಿ, ಅವಳ ತಾಯಿಯ ತವರುಮನೆಯಲ್ಲಿ. ಸೂಲಗಿತ್ತಿಯು ಬಂದಳು, ಮಗುವನ್ನು ಎರೆದು ತಾಯ ಮಗ್ಗುಲಲ್ಲಿ ಮಲಗಿಸಿದಳು, ಹೋದಳು. ಯಾರೂ ಎಲ್ಲಿಯೂ ಬರೆಯಿಸಲಿಲ್ಲ.

ಹೀಗೆ ಬರೆಯಿಸದೆ ಬಿಟ್ಟುದು ಆ ಮನೆಯವರ ದೋಷವೆಂದು ಹೇಳುವಂತಿಲ್ಲ. ಜನನ ಮರಣಗಳನ್ನು ನೋಂದಾಯಿಸುವುದಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ೧೮೮೬ರಲ್ಲಿಯೇ ಒಂದು ಕಾನೂನು ಆಗಿದ್ದಿತಾದರೂ ಅದು ಇಷ್ಟವುಳ್ಳವರಿಗೆ ಮಾತ್ರ. ದೇಶಕ್ಕೆಲ್ಲ ಒಂದೇ ಆಗಿ, ಕಡ್ಡಾಯವಾಗಿ ಬರೆಯಿಸತಕ್ಕದ್ದೆಂಬ ಕಾನೂನು ೧೯೬೯ರಲ್ಲಿ ಆಯಿತು. ಬಹುಪಾಲು ರಾಜ್ಯಗಳಲ್ಲಿ ೧೯೭೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ೧೯೫೬ಕ್ಕೆ ಮುಂಚೆ ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಿತಷ್ಟೆ. ಒಂದೊಂದು ಆಡಳಿತದ ದಫ್ತರವು ಒಂದೊಂದು ತೆರ. ನಿಜಾಮನ ಸೀಮೆಯಲ್ಲಿ ಸರಕಾರದ ಬರವಣಿಗೆಯು ಉರ್ದುವಿನಲ್ಲಿ ನಡೆಯುತ್ತಿದ್ದಿತು. ಆ ಕಾಲದ ಗೆದ್ದಲಿಗೂ ಮಳೆಗೂ ತಪ್ಪಿ ಉಳಿದುಬಂದ ಪುಸ್ತಕವೊಂದು ಸಿಕ್ಕಿದರೆ ಅದು ಪುಣ್ಯವೆನ್ನಬೇಕು.

ಬರೆದಿಟ್ಟಲ್ಲಿಯೂ ತೊಡಕು ತಪ್ಪಲಿಲ್ಲ. ಚೊಚ್ಚಲು ಹೆರಿಗೆಗೆ ಹೆಣ್ಣು ತವರಿಗೆ ಹೋಗುವ ವಾಡಿಕೆಯಿರುವುದರಿಂದ ಮಗುವಿನ ಹುಟ್ಟು ತಂದೆಯ ಊರಿನಲ್ಲಿ ಸಿಕ್ಕದೆ ತಾಯಿಯ ಊರಿನ ಪುಸ್ತಕದಲ್ಲಿ ಅಡಗಿರುತ್ತದೆ. ನಾಮಕರಣವಾಗುವ ಮುನ್ನವೇ ಬರೆಯಿಸಿದುದರಿಂದ ಹೆಸರಿನ ಕಡೆ 'ಹೆಣ್ಣು ಮಗು' ಎಂದಷ್ಟೇ ಇರುತ್ತದೆ. ಮದುವೆಯಲ್ಲಿ ಹೆಸರು ಬದಲಾಯಿಸುವ ಮನೆತನಗಳಲ್ಲಿ ಬಾಣಂತಿಯ ಹೆಸರನ್ನು ತವರಿನವರು ತಮ್ಮ ಬಾಯಿಗೆ ಬಂದಂತೆ ಹಳೆಯ ಹೆಸರಿನಲ್ಲಿ ಹೇಳಿ ಬರೆಯಿಸಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರಿರುತ್ತದೆ. ದಿನದ ಲೆಕ್ಕವೂ ಒಂದೇ ಅಲ್ಲ. ಪಂಚಾಂಗಕ್ಕೆ ದಿನವು ಸೂರ್ಯೋದಯದಿಂದ ಮೊದಲಾಗುವುದು, ಸರಕಾರಕ್ಕೆ ನಡುರಾತ್ರಿಯಿಂದ. ಸೋಮವಾರ ರಾತ್ರಿ ಮಲಗಿದ ಮೇಲೆ ಎರಡು ಘಂಟೆಗೆ ಹುಟ್ಟಿದ ಮಗುವು ಜಾತಕದಲ್ಲಿ ಸೋಮವಾರದ್ದು, ಆಸ್ಪತ್ರೆಯ ಪುಸ್ತಕದಲ್ಲಿ ಮಂಗಳವಾರದ್ದು. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೂ ಎರಡು ಕಾಗದಗಳು ಒಂದನ್ನೊಂದು ಸುಳ್ಳೆನ್ನುತ್ತವೆ. ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಶಾಲೆಯ ತಾರೀಖು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಮಗುವನ್ನು ಕೈಹಿಡಿದು ತಂದವರನ್ನು ಉಪಾಧ್ಯಾಯರು ಹುಟ್ಟಿದ ದಿನ ಕೇಳುವರು; ತಂದವರು ತಲೆ ಕೆರೆದುಕೊಳ್ಳುವರು; ಉಪಾಧ್ಯಾಯರು ವಯಸ್ಸಿಗೆ ಸರಿಹೋಗುವಂತೆ ಜೂನ್ ಒಂದನೆಯ ತಾರೀಖನ್ನು ಬರೆದುಬಿಡುವರು. ಕನ್ನಡನಾಡಿನಲ್ಲಿ ಆ ಒಂದು ದಿನ ಹುಟ್ಟಿದವರ ಸಂಖ್ಯೆಯನ್ನು ಕಂಡರೆ ಬ್ರಹ್ಮನಿಗೂ ಆಶ್ಚರ್ಯವಾದೀತು. ಶ್ರಾವಣದಲ್ಲಿ ಹುಟ್ಟಿದ ಈ ತಾಯಿಗೂ ಶಾಲೆಯು ಕೊಟ್ಟುದು ೧-೬-೧೯೫೧. ವರ್ಗಾವಣೆ ಪತ್ರ, ಮತದಾರರ ಪಟ್ಟಿ, ಪಾಸ್‌ಪೋರ್ಟು ಎಲ್ಲವೂ ಅದನ್ನೇ ಅನುಸರಿಸಿ ಬಂದುವು.

ಈ ಸ್ಥಿತಿಯಲ್ಲಿ ನೆರೆಹೊರೆಯವರ ಬುದ್ಧಿವಾದವು ಸುಲಭವಾಗಿ ದೊರೆಯುತ್ತದೆ. ಯಾರನ್ನಾದರೂ ಹಿಡಿದು ಜೂನ್ ಒಂದಕ್ಕೆ ಸರಿಯಾಗಿ ಹೊಸ ಜನನಪತ್ರವನ್ನು ಮಾಡಿಸಿಬಿಡಿ ಎನ್ನುವವರುಂಟು. ಕಚೇರಿಯ ಮುಂದೆ ಬೆರಳಚ್ಚಿನ ಯಂತ್ರವಿಟ್ಟುಕೊಂಡು ಕುಳಿತವನ ಬಳಿ ಸಿದ್ಧವಾದ ಮಾದರಿಯುಂಟು, ಹೆಸರು ತುಂಬಿ ಯಾರಿಂದಲಾದರೂ ರುಜು ಹಾಕಿಸಿ ಎನ್ನುವವರುಂಟು. ಇವರ ಪಕ್ಷದಲ್ಲಿಯೂ ಒಂದು ಯುಕ್ತಿಯಿದೆ. ಅದನ್ನು ತಿರಸ್ಕಾರದಿಂದ ತಳ್ಳಬಾರದು. ಅವಳು ನಿಜವಾಗಿ ತಾಯಿ. ಮಗಳು ನಿಜವಾಗಿ ಮಗಳು. ಸಂಬಂಧವು ಸತ್ಯವಾಗಿರುವಾಗ ಒಂದು ತಾರೀಖು ಹೆಚ್ಚುಕಡಿಮೆಯಾದರೆ ಯಾರ ಗಂಟು ಹೋಯಿತು? ಮೂರು ತಿಂಗಳ ವ್ಯತ್ಯಾಸದಿಂದ ಅವಳಿಗೆ ಒಂದು ಕಾಸಿನ ಲಾಭವಿಲ್ಲ, ಅಮೆರಿಕಾ ಸರಕಾರಕ್ಕೆ ಒಂದು ಕಾಸಿನ ನಷ್ಟವಿಲ್ಲ. ಸತ್ಯವಾದ ಸಂಬಂಧವನ್ನು ಉಳಿಸುವುದಕ್ಕಾಗಿ ಹೇಳುವ ಅಲ್ಪವಾದ ಸುಳ್ಳು ಪಾಪವೆ? ಎಪ್ಪತ್ತು ದಾಟಿದ ವಿಧವೆಯನ್ನು ಒಬ್ಬಳನ್ನೇ ಬಿಟ್ಟಿರುವುದು ಅದಕ್ಕಿಂತ ದೊಡ್ಡ ಪಾಪವಲ್ಲವೆ? ಇದು ಪೂರ್ವಪಕ್ಷ.

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು, ಹುಟ್ಟೆಂಬುದನ್ನು ಯಾವ ಪ್ರಮಾಣದಿಂದ ತಿಳಿಯಬಹುದೆಂದು ವಿಚಾರಿಸಬೇಕು. ಹಿಂದಿನ ಶಾಸ್ತ್ರಕಾರರು ಜ್ಞಾನಕ್ಕೆ ಸಾಧನವಾದವುಗಳನ್ನು ಎಣಿಸಿ ಪ್ರಮಾಣಗಳೆಂದು ಹೆಸರಿಟ್ಟರು. ಹುಟ್ಟಿದವನಿಗೆ ತನ್ನ ಹುಟ್ಟು ಪ್ರತ್ಯಕ್ಷವಲ್ಲ. ಎದುರಿಗೆ ನಿಂತಿರುವುದರಿಂದ ಎಂದೋ ಹುಟ್ಟಿರಲೇಬೇಕೆಂದು ಅರ್ಥಾಪತ್ತಿಯಿಂದ ಸಿದ್ಧವಾಗುವುದು ನಿಜ. ಆದರೆ ಯಾವ ದಿನ, ಯಾವ ಮನೆಯಲ್ಲಿ ಎಂಬುದು ಅದರಿಂದ ಸಿದ್ಧಿಸದು. ಉಳಿದುದು ಶಬ್ದ, ಎಂದರೆ ಆಪ್ತರ ಮಾತು. ಆಪ್ತನೆಂದರೆ ಯಾರು? ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಕೊಡುವ ಲಕ್ಷಣವು ಸಂಗ್ರಹವಾಗಿ ಇದು: ವಸ್ತುವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುತ್ತಾನೆ. ಕುಲವಾಗಲಿ ಓದಾಗಲಿ ಅಧಿಕಾರವಾಗಲಿ ಆಪ್ತತ್ವಕ್ಕೆ ಕಾರಣವಲ್ಲ. ಅಕ್ಷರವರಿಯದ ಸೂಲಗಿತ್ತಿಯೂ ಈ ವಿಷಯದಲ್ಲಿ ಆಪ್ತಳೇ ಸರಿ. ಅವಳಿಗಿಂತ ಹೆಚ್ಚಿನ ಆಪ್ತರು ತಾಯಿಯೊಬ್ಬಳೇ.

ಹಾಗಾದರೆ ಕಾಗದವೆಂದರೇನು? ಅದು ಬೇರೆಯೊಂದು ಪ್ರಮಾಣವಲ್ಲ. ಆಪ್ತರ ಮಾತು ಅಳಿಯದಂತೆ ಶಾಯಿಯಲ್ಲಿ ಹಿಡಿದಿಟ್ಟುದಷ್ಟೆ. ಹಿಂದೆ ಇದ್ದ ಮಾತು ಸತ್ಯವಾದರೆ ಕಾಗದವೂ ಸತ್ಯ. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ಚುನಾವಣೆಯ ಮೊಕದ್ದಮೆಯೊಂದರಲ್ಲಿ ಇದೇ ಮರ್ಮವನ್ನು ಎತ್ತಿಹಿಡಿಯಿತು. ಶಾಲೆಯ ಪಟ್ಟಿಯಲ್ಲಿರುವ ಜನ್ಮದಿನವನ್ನು ಯಾರು ಹೇಳಿ ಬರೆಯಿಸಿದರು, ಅವರಿಗೆ ಅದು ಹೇಗೆ ಗೊತ್ತು ಎಂಬುದು ತಿಳಿಯದಿದ್ದರೆ ಆ ಬರಹಕ್ಕೆ ಸಾಕ್ಷ್ಯದ ಬೆಲೆಯು ಹೆಚ್ಚಿಲ್ಲವೆಂದು ತೀರ್ಮಾನಿಸಿತು. ಮೊಹರಿನಿಂದ ಮಾತಿಗೆ ಗೌರವವು ಬರಬಹುದು. ಇಲ್ಲದ ಅರಿವು ಬರಲಾರದು.

ಇನ್ನು ಕಾಗದವೇ ಇಲ್ಲದಿದ್ದರೆ ಏನು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಅನುಪಲಬ್ಧಿಯೆಂಬ ಪ್ರಮಾಣವು ಆಶ್ಚರ್ಯಕರವಾಗಿ ಉಪಯೋಗಕ್ಕೆ ಬರುತ್ತದೆ. ಮೇಜಿನ ಮೇಲೆ ಕೊಡವು ಇದ್ದಿದ್ದರೆ ಕಾಣುತ್ತಿದ್ದಿತು; ಬೆಳಕಿದೆ, ಕಣ್ಣು ಚೆನ್ನಾಗಿದೆ, ಆದರೂ ಕಾಣಲಿಲ್ಲ; ಆದುದರಿಂದ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದುದು ಇಲ್ಲವೆಂಬುದಕ್ಕೆ ಪ್ರಮಾಣವಾಗದು. ಜನನ ನೋಂದಣಿಯ ಅಧಿಕಾರಿಯು ತನ್ನ ಪುಸ್ತಕಗಳನ್ನು ಹುಡುಕಿ 'ದಾಖಲೆಯು ಲಭ್ಯವಿಲ್ಲ' ಎಂದು ಬರೆದುಕೊಡುವ ಪತ್ರವು ಈ ಅನುಪಲಬ್ಧಿಯೇ. ಪುಸ್ತಕವನ್ನು ತೆರೆದು ನೋಡಿ ಬರೆದರೆ ಅದು ಪ್ರಮಾಣ. ತೆರೆಯದೆ ಬರೆದರೆ ಕತ್ತಲೆಯ ಕೊಡ. ಮತ್ತು ಆ ಪತ್ರವು ಸಿದ್ಧಪಡಿಸುವುದು ಬರಹದ ಅಭಾವವನ್ನೇ ಹೊರತು ಹುಟ್ಟಿನ ಅಭಾವವನ್ನಲ್ಲ. ಅಮೆರಿಕಾದ ಕಾನೂನೂ ಇದನ್ನು ಬಲ್ಲದು. ಅದೇ ೨೨೨ನೆಯ ಕಲಮಿನಲ್ಲಿ, ದಾಖಲೆಯು ದೊರೆಯಲಾರದೆಂದು ಅಧಿಕಾರಿಗೆ ಮನವರಿಕೆಯಾದರೆ ಅದರ ಬದಲು ತೃಪ್ತಿಕರವಾದ ಬೇರೆ ಸಾಕ್ಷ್ಯವನ್ನು ಸ್ವೀಕರಿಸಬಹುದೆಂದು ಹೇಳಿದೆ. ಭಾರತದಲ್ಲಿ ಹುಟ್ಟಿದವರ ವಿಷಯದಲ್ಲಿ, ಅಲಭ್ಯಪತ್ರದೊಂದಿಗೆ ಶಾಲೆಯ ಪತ್ರ ಮೊದಲಾದವುಗಳನ್ನೂ, ತಂದೆತಾಯಿಗಳು ಬದುಕಿದ್ದರೆ ಅವರ, ಇಲ್ಲವೆ ಅರ್ಜಿದಾರರಿಗಿಂತ ಹಿರಿಯರಾದ ಹತ್ತಿರದ ಬಂಧುಗಳ ಪ್ರಮಾಣಪತ್ರಿಕೆಯನ್ನೂ ತೆಗೆದುಕೊಳ್ಳುವ ಪದ್ಧತಿಯುಂಟು. ಹಿರಿಯರೇ ಏಕೆ? ಕಿರಿಯರು ಆ ಹುಟ್ಟನ್ನು ಕಾಣಲಾರರಾದುದರಿಂದ. ವಾತ್ಸ್ಯಾಯನನ ಲಕ್ಷಣವನ್ನು ಆ ಅಧಿಕಾರಿಗಳು ಓದಿರಲಾರರು. ಆದರೂ ಬೇಡುವುದು ಅದನ್ನೇ.

ಆದುದರಿಂದ ಪೂರ್ವಪಕ್ಷದ ಅರ್ಧವು ಇಲ್ಲಿಯೇ ಸಡಿಲವಾಯಿತು. ಕಾನೂನು ಅಸಾಧ್ಯವಾದುದನ್ನು ಕೇಳುತ್ತದೆ, ಸುಳ್ಳಲ್ಲದೆ ದಾರಿಯಿಲ್ಲ ಎಂಬುದು ನಿಜವಲ್ಲ. ದಾರಿಯುಂಟು; ಅದು ಬಳಸುದಾರಿ. ಊರಿನ ಪುಸ್ತಕವನ್ನು ಹುಡುಕಿಸಬೇಕು, ಅಲಭ್ಯಪತ್ರಕ್ಕೆ ಅಲೆಯಬೇಕು, ಹಿರಿಯ ಬಂಧುವನ್ನು ಅರಸಬೇಕು, ಅಧಿಕಾರಿಯು ಇನ್ನಷ್ಟು ಕೇಳಿದರೆ ಕಾಯಬೇಕು. ಮನುಷ್ಯನು ಸುಳ್ಳು ಹೇಳುವುದು ಬಹಳ ಸಲ ಸತ್ಯಕ್ಕೆ ದಾರಿಯಿಲ್ಲದುದರಿಂದಲ್ಲ, ಸತ್ಯದ ದಾರಿಯು ಉದ್ದವಾದುದರಿಂದ.

ಈಗ ನಿಜವಾದ ಕಷ್ಟದ ಸ್ಥಳಕ್ಕೆ ಬರಬೇಕು. ಆ ತಾಯಿಗೆ ಒಬ್ಬ ಸಾಕ್ಷಿಯುಂಟು: ಸೋದರಮಾವನ ಮಗಳು, ಎಂಬತ್ತು ದಾಟಿದವಳು. ಹುಟ್ಟು ನಡೆದ ಮನೆಯಲ್ಲಿಯೇ ಬೆಳೆದವಳು. ಆಗ ಅವಳಿಗೆ ಎಂಟು ವರ್ಷ. ಆ ರಾತ್ರಿ ಮಕ್ಕಳನ್ನೆಲ್ಲ ಜಗಲಿಗೆ ಅಟ್ಟಿದುದು, ಮಳೆಯ ಇರಚಲು ಹೊಡೆಯುತ್ತಿದ್ದುದು, ಒಳಗಿನಿಂದ ಅತ್ತೆಯ ನರಳಾಟವು ಕೇಳಿ ತಾನು ಅತ್ತುದು, ಬೆಳಗ್ಗೆ ಅಜ್ಜಿಯು ಬಂದು ಹೆಣ್ಣೆಂದು ಹೇಳಿದುದು, ಇವೆಲ್ಲ ಅವಳಿಗೆ ನಿನ್ನೆ ನಡೆದಂತೆ ನೆನಪಿವೆ. ತಾರೀಖು ಅವಳಿಗೆ ಗೊತ್ತಿಲ್ಲ. ಇಂತಹವಳ ಮುಂದೆ ಸಿದ್ಧವಾದ ಮಾದರಿಯ ಕಾಗದವು ಬರುತ್ತದೆ: '೧-೬-೧೯೫೧ರಂದು ಜನಿಸಿದುದನ್ನು ನಾನು ಖುದ್ದಾಗಿ ಬಲ್ಲೆ.' ಜೂನ್ ಒಂದರಂದು ಮಲೆನಾಡಿನಲ್ಲಿ ಶ್ರಾವಣದ ಮಳೆಯು ಹೊಡೆಯುವುದಿಲ್ಲ. ರುಜು ಹಾಕಬೇಕೆ?

ಇಲ್ಲಿ ಎರಡು ವಿಧದ ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಆವಶ್ಯಕ. ಒಂದು ವ್ಯವಹಾರದ ಗುರುತು, ಇನ್ನೊಂದು ಸಾಕ್ಷಿಯ ನುಡಿ. ಶಾಲೆಯವರು ಕೊಟ್ಟ ತಾರೀಖು ಎಪ್ಪತ್ತು ವರುಷ ಅವಳ ಹೆಸರಿನೊಡನೆ ನಡೆದು ಬಂದುದರಿಂದ ಅದೂ ಹೆಸರಿನಂತೆಯೇ ಗುರುತಾಗಿಹೋಗಿದೆ. ಕರಿಯನೆಂಬ ಹೆಸರಿನವನು ಬೆಳ್ಳಗಿದ್ದರೆ ಹೆಸರು ಹೇಳಿದಾಗಲೆಲ್ಲ ಅವನು ಸುಳ್ಳಾಡಿದಂತಾಗುವುದಿಲ್ಲ. ದಾಖಲೆಗಳಲ್ಲಿರುವ ತಾರೀಖು ಯಾವುದೆಂದು ಕೇಳಿದಲ್ಲಿ ಅವಳು ಜೂನ್ ಒಂದೆಂದು ಬರೆದರೆ ಅದು ಅಸತ್ಯವಲ್ಲ. ಅದನ್ನು ಬಿಟ್ಟು ಬೇರೆ ಬರೆದರೆ ಅವಳು ಅವಳೇ ಎಂಬುದೇ ಸಂಶಯಕ್ಕೆ ಬರುತ್ತದೆ. ಆದರೆ 'ಖುದ್ದಾಗಿ ಬಲ್ಲೆ' ಎಂಬ ಮಾತು ಗುರುತಲ್ಲ. ಅದು ಅರಿವನ್ನು ಹೇಳುವ ಮಾತು. ಅರಿಯದುದನ್ನು ಅರಿತೆನೆಂದು ಹೇಳಿದರೆ, ಹೇಳಿದ ವಿಷಯವು ಆಕಸ್ಮಿಕವಾಗಿ ಸರಿಯಾಗಿದ್ದರೂ, ಹೇಳಿದವಳ ಮಾತು ಸುಳ್ಳೇ. ತಪ್ಪಾದ ತಾರೀಖು ಉಪಾಧ್ಯಾಯರ ಉದಾಸೀನ. ಅದಕ್ಕೆ ಆಣೆಯಿಡುವುದು ಬೇರೆಯೇ ಒಂದು ಕರ್ಮ.

ಹೀಗೆ ನೋಡಿದರೆ ಸರಿಯಾದ ಪ್ರಮಾಣಪತ್ರಿಕೆಯು ಹೇಗಿರಬೇಕೆಂಬುದು ತಾನಾಗಿ ತಿಳಿಯುತ್ತದೆ. ತಾನು ಯಾರು, ಅರ್ಜಿದಾರಳಿಗೆ ಏನಾಗಬೇಕು, ಆ ರಾತ್ರಿ ತಾನೆಲ್ಲಿದ್ದೆ, ಏನನ್ನು ಕಂಡೆ ಕೇಳಿದೆ, ತಂದೆತಾಯಿಗಳ ಹೆಸರೇನು, ಊರಾವುದು. ಕಾಲವು ಖರ ಸಂವತ್ಸರದ ಶ್ರಾವಣವೆಂದು ಮನೆಯಲ್ಲಿ ಕೇಳಿಬಂದುದು. ಶಾಲೆಯ ಪತ್ರದಲ್ಲಿಯೂ ಪಾಸ್‌ಪೋರ್ಟಿನಲ್ಲಿಯೂ ೧-೬-೧೯೫೧ ಎಂದಿರುವುದು ಇದೇ ವ್ಯಕ್ತಿಯದು. ಕಂಡುದು ಕಂಡುದಾಗಿ, ಕೇಳಿದುದು ಕೇಳಿದುದಾಗಿ, ಬರೆದಿರುವುದು ಬರೆದಿರುವುದಾಗಿ ಬೇರೆಬೇರೆ ನಿಂತರೆ ಅದರಲ್ಲಿ ವಿರೋಧವಿರಬಹುದು, ಅಸತ್ಯವಿರುವುದಿಲ್ಲ. ಅಂಗಡಿಯ ಮಾದರಿಯಲ್ಲಿ ವಿರೋಧವೇ ಇಲ್ಲ. ಆದುದರಿಂದಲೇ ವಿಚಾರಶೀಲನಾದ ಅಧಿಕಾರಿಗೆ ಅದರಲ್ಲಿ ನಂಬಿಕೆಯೂ ಇಲ್ಲ.

ಇನ್ನೂ ಕಠಿನವಾದ ಸಂದರ್ಭಗಳು ಉಂಟೆಂಬುದನ್ನು ಮರೆಮಾಚಬಾರದು. ಅಣ್ಣನ ಮಗುವನ್ನು ತಂಗಿಯು ಹಸುಗೂಸಿನಿಂದ ಸಾಕಿ, ಶಾಲೆಯಲ್ಲಿ ತನ್ನ ಗಂಡನ ಹೆಸರನ್ನೇ ತಂದೆಯೆಂದು ಬರೆಯಿಸಿರುವ ಮನೆಗಳು ಕಡಮೆಯಲ್ಲ. ದತ್ತಕಪತ್ರವಿಲ್ಲ, ಹೋಮವಿಲ್ಲ, ಪ್ರೀತಿಯೊಂದೇ ದಾಖಲೆ. ಅಮೆರಿಕಾದ ಕಾನೂನು ದತ್ತು ಸಂಬಂಧವನ್ನು ಒಪ್ಪಬೇಕಾದರೆ ಸಾಮಾನ್ಯವಾಗಿ ಮಗುವಿಗೆ ಹದಿನಾರು ತುಂಬುವ ಮುನ್ನ ವಿಧಿಪೂರ್ವಕವಾಗಿ ದತ್ತು ಆಗಿರಬೇಕು, ಎರಡು ವರುಷ ಕಾನೂನಿನ ಪಾಲನೆಯಲ್ಲಿಯೂ ಜೊತೆಯ ವಾಸದಲ್ಲಿಯೂ ಇದ್ದಿರಬೇಕು. ಸಂಶಯವು ಬಂದರೆ ರಕ್ತಸಂಬಂಧವನ್ನು ಡಿ.ಎನ್.ಎ. ಪರೀಕ್ಷೆಯಿಂದ ಸಿದ್ಧಪಡಿಸಲು ಅರ್ಜಿದಾರರಿಗೆ ಸೂಚಿಸುವುದೂ ಉಂಟು. ಈ ಪರೀಕ್ಷೆಯು ಹೆತ್ತವಳನ್ನು ತೋರಿಸುತ್ತದೆ. ಹೊತ್ತು ಸಾಕಿದವಳನ್ನು ಅರಿಯದು. ಇಲ್ಲಿ ಸತ್ಯವನ್ನು ಹೇಳಿದವರು ಸೋಲಬಹುದು. ಸತ್ಯಕ್ಕೆ ಯಾವಾಗಲೂ ಜಯವೆಂದು ಹೇಳಿ ಇವರನ್ನು ಸಮಾಧಾನಪಡಿಸಹೊರಟರೆ ಅದೇ ಒಂದು ಅಸತ್ಯವಾದೀತು. ಹೇಳಬಹುದಾದುದು ಇಷ್ಟೆ: ಹೆತ್ತೆನೆಂದು ಸುಳ್ಳಾಡಿ ಪಡೆದ ವೀಸಾದಲ್ಲಿ, ಸಾಕಿದೆನೆಂಬ ಸತ್ಯವು ಎಂದೆಂದಿಗೂ ಬಾಯಿ ಬಿಡಲಾರದಂತಾಗುತ್ತದೆ. ಮಗನಿಗೆ ಎಲ್ಲಕ್ಕಿಂತ ಹೆಚ್ಚಿನದಾದ ಸಂಬಂಧವನ್ನು ಒಂದು ಸುಳ್ಳಿನ ಕೈಯಲ್ಲಿ ಒತ್ತೆಯಿಟ್ಟಂತಾಗುತ್ತದೆ.

ಸುಳ್ಳಿನ ಶಿಕ್ಷೆಯೂ ಅಲ್ಪವಲ್ಲ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ತಪ್ಪಾಗಿ ಹೇಳಿ ವೀಸಾ ಪಡೆಯಲೆತ್ನಿಸಿದವರಿಗೆ ಆ ದೇಶದ ಬಾಗಿಲು ಸಾಮಾನ್ಯವಾಗಿ ಶಾಶ್ವತವಾಗಿ ಮುಚ್ಚುತ್ತದೆ. ಕ್ಷಮಾಪಣೆಯ ದಾರಿಯು ಕೆಲವರಿಗೆ ಮಾತ್ರ, ಅದೂ ಇಕ್ಕಟ್ಟಾದುದು. ಆದರೆ ಭಯವು ಧರ್ಮದ ಆಧಾರವಾಗಬಾರದು. ಹೆಚ್ಚಿನ ಕಾರಣವು ಬೇರೆ ಇದೆ. ಒಂದು ಊರಿನಿಂದ ಹತ್ತು ಸುಳ್ಳು ಪತ್ರಗಳು ಹೋದರೆ ಹನ್ನೊಂದನೆಯದಾಗಿ ಹೋದ ಸತ್ಯವಾದ ಪತ್ರವನ್ನು ಯಾರೂ ನಂಬುವುದಿಲ್ಲ. ಮನೆಯಲ್ಲಿ ಹುಟ್ಟಿದ, ಬರೆಯಿಸಲು ಯಾರೂ ಇಲ್ಲದಿದ್ದ ಬಡವಳಿಗೆ ಆಪ್ತರ ಮಾತೊಂದೇ ಆಸ್ತಿ; ಸುಳ್ಳು ಪ್ರಮಾಣಗಳು ಕದಿಯುವುದು ಅವಳ ಆಸ್ತಿಯನ್ನು. ಪೂರ್ವಪಕ್ಷವು ಯಾರ ಗಂಟು ಹೋಯಿತೆಂದು ಕೇಳಿದ್ದಿತು. ಹೋದ ಗಂಟು ಇದು.

ರಾಜ್ಯಗಳಿಗೂ ಇಲ್ಲಿ ಧರ್ಮವುಂಟು. ದಾಖಲೆಯಿಲ್ಲದಿರುವುದು ಹುಟ್ಟಿದವರ ಅಪರಾಧವಲ್ಲ. ಬರೆಯಿಸುವ ಏರ್ಪಾಟನ್ನು ತಡವಾಗಿ ಮಾಡಿದ ಸರಕಾರಗಳು, ಬರಹವಿಲ್ಲದವರನ್ನು ಮೋಸಗಾರರಂತೆ ಕಾಣುವುದು ನ್ಯಾಯವಲ್ಲ. ೨೦೨೩ರ ತಿದ್ದುಪಡಿಯು ಅದೇ ವರುಷದ ಅಕ್ಟೋಬರ್ ೧ರಿಂದ ಜಾರಿಗೆ ಬಂದು, ಆ ದಿನದಿಂದ ಮುಂದೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟು ಮೊದಲಾದುವಕ್ಕೆ ಜನನಪತ್ರವನ್ನೇ ಆಧಾರವನ್ನಾಗಿ ಮಾಡಿದೆ. ಒಂದು ಕಾಗದದ ಮೇಲೆ ಭಾರವು ಹೆಚ್ಚಿದಷ್ಟೂ ಅದನ್ನು ಸರಿಯಾಗಿ ಬರೆಯುವ ಹೊಣೆಯೂ, ಬರೆಯದೆ ಉಳಿದವರ ಮಾತನ್ನು ತಾಳ್ಮೆಯಿಂದ ಕೇಳುವ ಹೊಣೆಯೂ ಹೆಚ್ಚಬೇಕು. ಗೃಹಸ್ಥರ ಹೊಣೆಯೂ ಇದೆ. ಮಗುವಿಗೆ ಹೆಸರಿಟ್ಟೊಡನೆ ಪುಸ್ತಕದಲ್ಲಿ ಅದನ್ನು ಸೇರಿಸುವುದು, ತಾಯಿಯ ಹೆಸರು ಅವಳ ಇತರ ಕಾಗದಗಳಲ್ಲಿರುವಂತೆಯೇ ಇದೆಯೆ ಎಂದು ನೋಡುವುದು, ಹಿರಿಯರು ಇರುವಾಗಲೇ ಅವರು ಕಂಡುದನ್ನು ಬರೆಯಿಸಿಟ್ಟುಕೊಳ್ಳುವುದು, ಇವು ಒಂದು ಮಧ್ಯಾಹ್ನದ ಕೆಲಸ. ಆಪ್ತರು ಹೋದ ಮೇಲೆ ಯಾವ ಕಚೇರಿಯೂ ಅವರನ್ನು ಕರೆದುತರಲಾರದು.

ತಪ್ಪನ್ನು ತಿದ್ದುವ ಕ್ರಮವನ್ನು ೧೯೬೯ರ ಕಾನೂನಿನ ೧೫ನೆಯ ಕಲಮು ಹೇಳಿದೆ. ಮೊದಲು ಬರೆದುದನ್ನು ಅಳಿಸಬಾರದು, ಮಾರ್ಪಡಿಸಬಾರದು. ಅಂಚಿನಲ್ಲಿ ಸರಿಯಾದುದನ್ನು ಬರೆದು, ರುಜು ಹಾಕಿ, ತಾರೀಖು ಹಾಕಬೇಕು. ಗುಮಾಸ್ತರಿಗಾಗಿ ಬರೆದ ಈ ನಿಯಮವು ಆ ಎಂಬತ್ತು ದಾಟಿದ ಸಾಕ್ಷಿಗೂ ಸಲ್ಲುತ್ತದೆ. ಶಾಲೆಯ ತಾರೀಖು ಶಾಲೆಯ ತಾರೀಖಾಗಿಯೇ ಇರಲಿ. ಅವಳು ಅದರ ಪಕ್ಕದಲ್ಲಿ ಮಳೆಯ ರಾತ್ರಿಯನ್ನೂ, ಜಗಲಿಯನ್ನೂ, ಬೆಳಗ್ಗೆ ಅಜ್ಜಿಯು ಹೇಳಿದ ಮಾತನ್ನೂ ಬರೆಯಿಸಿ ರುಜು ಹಾಕಲಿ. ಅದನ್ನು ಓದಿದ ಅಧಿಕಾರಿಯು ವೀಸಾ ಕೊಡುವನೊ, ಇನ್ನೂ ಕಾಗದ ಕೇಳುವನೊ ಎಂಬುದು ಅವನಿಗೆ ಸೇರಿದುದು. ತಾನು ಕಂಡ ಹುಟ್ಟಿಗೆ ಸಾಕ್ಷಿ ನುಡಿಯುವುದು ಅವಳಿಗೆ ಸೇರಿದುದು. ಅದನ್ನು ಅವಳ ಬದಲು ಬೇರೆ ಯಾರೂ ಮಾಡಲಾರರು.